‘ಶೇರ್ಡ್ ಬಫರ್ಸ್ 4096’ ಅಂದರೆ 4096 ಏನು?

ಪ್ರಶ್ನೆ: ನಾನು ಜಾವಾ ಕೆಲಸದವನು. ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟ ಮೇಲೆ ಅದೂ ನನ್ನ ತಲೆಗೆ ಬಂತು. ಪೋಸ್ಟ್‌ಗ್ರೆಸ್ 16, ಸರ್ವರ್‌ಗೆ 16 ಜಿಬಿ ರ‍್ಯಾಮ್ ಇದೆ. 4 ಜಿಬಿ ಕೊಡೋಣ ಅಂತ ಶೇರ್ಡ್ ಬಫರ್ಸ್‌ಗೆ 4096 ಹಾಕಿದೆ. ಎರರ್ ಬರಲಿಲ್ಲ, ಆದರೆ ಮೊದಲಿಗಿಂತ ನಿಧಾನ ಆಯಿತು. ವರ್ಕ್ ಮೆಮ್‌ಗೆ 64 ಎಂಬಿ ಅಂತ ಸ್ಮಾಲ್ ಅಕ್ಷರದಲ್ಲಿ ಬರೆದರೆ ಎರರ್, ಬರೀ 64 ಅಂದರೆ ಒಪ್ಪಿಕೊಂಡಿತು. ಸ್ಟೇಟ್‌ಮೆಂಟ್ ಟೈಮ್‌ಔಟ್‌ಗೆ 30 ಹಾಕಿದ ದಿನ ರಿಪೋರ್ಟುಗಳೆಲ್ಲ ಅರ್ಧಕ್ಕೇ ನಿಂತವು. ಒಂದೊಂದಕ್ಕೂ ಒಂದೊಂದು ಅಳತೆಯಾ? ಇದಕ್ಕೊಂದು ಲೆಕ್ಕ ಅಂತ ಇದೆಯಾ?

ಉತ್ತರ: ಸರ್ವರ್ ನಿಧಾನವಾಗಿದೆ ಅಂತ ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. 4 ಜಿಬಿ ಕೊಡಲು ಹೋಗಿ ನೀವು ಕೊಟ್ಟಿದ್ದು 32 ಎಂಬಿ. ಏನೂ ಮುಟ್ಟದೆ ಬಿಟ್ಟಿದ್ದರೆ ಪೋಸ್ಟ್‌ಗ್ರೆಸ್ ತಾನಾಗಿಯೇ 128 ಎಂಬಿ ಇಟ್ಟುಕೊಳ್ಳುತ್ತಿತ್ತು. ಇದ್ದದ್ದರಲ್ಲಿ ಮುಕ್ಕಾಲು ಪಾಲು ನೀವೇ ಕಿತ್ತುಕೊಂಡ ಹಾಗಾಯಿತು.

ಶೇರ್ಡ್ ಬಫರ್ಸ್ ಅಂದರೆ ಡಿಸ್ಕಿನಿಂದ ಎತ್ತಿದ ಡೇಟಾವನ್ನು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಮೆಮೊರಿ. ಅದಕ್ಕೆ ಬರೀ ಅಂಕಿ ಕೊಟ್ಟರೆ ಬ್ಲಾಕ್ ಲೆಕ್ಕದಲ್ಲಿ ಓದುತ್ತದೆ. ಪೋಸ್ಟ್‌ಗ್ರೆಸ್ ಡಿಸ್ಕಿನಿಂದ ಡೇಟಾ ಎತ್ತುವುದೂ, ಅಲ್ಲಿಗೆ ಇಳಿಸುವುದೂ 8 ಕೆಬಿಯ ತುಂಡುಗಳಲ್ಲಿ. ಒಂದು ತುಂಡಿಗೆ ಒಂದು ಬ್ಲಾಕ್ ಅನ್ನುತ್ತಾರೆ, ಪೇಜ್ ಅನ್ನುವವರೂ ಇದ್ದಾರೆ. 4096 ಬ್ಲಾಕ್ ಗುಣಿಸು 8 ಕೆಬಿ, 32768 ಕೆಬಿ, ಅಂದರೆ 32 ಎಂಬಿ. ನಿಮಗೆ ಬೇಕಿದ್ದ 4 ಜಿಬಿಯನ್ನು ಬರೀ ಅಂಕಿಯಲ್ಲಿ ಬರೆಯುವುದಾದರೆ 524288 ಅಂತ ಬರೆಯಬೇಕಿತ್ತು. ಇದನ್ನು ಯಾರು ತಾನೇ ಊಹಿಸುತ್ತಾರೆ ಹೇಳಿ.

ನಮ್ಮ ಕಡೆ ಯಾರಾದರೂ ‘ಐದು ತಗೊಂಡೆ’ ಅಂದರೆ ಎಕರೆಯಾ, ಗುಂಟೆಯಾ ಅಂತ ಕೇಳದೆ ಬಿಡುತ್ತೇವಾ? 40 ಪಟ್ಟು ವ್ಯತ್ಯಾಸ. ಪೋಸ್ಟ್‌ಗ್ರೆಸ್ ಆ ಪ್ರಶ್ನೆ ಕೇಳುವುದಿಲ್ಲ. ಪ್ರತಿ ಸೆಟ್ಟಿಂಗ್‌ಗೂ ಒಂದು ಮೂಲ ಅಳತೆಯನ್ನು ಮೊದಲೇ ಗೊತ್ತು ಮಾಡಿಟ್ಟಿದೆ. ನೀವು ಬರೀ ಅಂಕಿ ಬರೆದರೆ ಆ ಅಳತೆಯಲ್ಲೇ ಲೆಕ್ಕ ಹಾಕಿಕೊಂಡು ಸುಮ್ಮನೆ ಮುಂದೆ ಹೋಗುತ್ತದೆ. ಅಂಕಿ ಅದರ ಮಿತಿಯೊಳಗೆ ಇದ್ದರೆ ಸಾಕು, ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಿಮ್ಮ ವರ್ಕ್ ಮೆಮ್ (ಸಾರ್ಟ್‌ನಂಥ ಕೆಲಸಕ್ಕೆ ಕೊಡುವ ಮೆಮೊರಿ) 64 ದಾಟಿಕೊಂಡಿದ್ದು ಹಾಗೆಯೇ. ಅದರ ಮೂಲ ಅಳತೆ ಕೆಬಿ, ಕನಿಷ್ಠ ಮಿತಿ 64 ಕೆಬಿ. ಸರಿಯಾಗಿ ಹೊಸ್ತಿಲ ಮೇಲೆ ನಿಂತಿದ್ದೀರಿ. 63 ಬರೆದಿದ್ದರೆ ಎರರ್ ಬಂದು ನಿಮ್ಮನ್ನು ಉಳಿಸುತ್ತಿತ್ತು!

ಆ 64 ಕೆಬಿ ಇಟ್ಟುಕೊಂಡೇ ಒಂದು ದೊಡ್ಡ ಆರ್ಡರ್ ಬೈ ಕ್ವೆರಿಯನ್ನು, ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿ. ಸಾರ್ಟ್ ಮೆಥಡ್ ಅನ್ನುವ ಕಡೆ ‘ಎಕ್ಸ್‌ಟರ್ನಲ್ ಮರ್ಜ್’ ಅಂತಲೂ, ಪಕ್ಕದಲ್ಲಿ ‘ಡಿಸ್ಕ್’ ಅಂತಲೂ ಕಾಣುತ್ತದೆ. ಮೆಮೊರಿ ಸಾಲದೆ ಸಾಲುಗಳನ್ನು ಡಿಸ್ಕಿಗೆ ಇಳಿಸಿ ಜೋಡಿಸುತ್ತಿದೆ ಅಂತ ಅರ್ಥ. ಮೊದಲಿಂದ ಇರುವ 4 ಎಂಬಿಯಲ್ಲಿ ಆರಾಮಾಗಿ ಮುಗಿಯುತ್ತಿದ್ದ ಸಣ್ಣ ಸಾರ್ಟ್‌ಗಳೂ ಈಗ ಡಿಸ್ಕಿಗೆ ಹೋಗುತ್ತಿರುತ್ತವೆ.

ಹಾಗಾದರೆ ಯಾವುದಕ್ಕೆ ಯಾವ ಅಳತೆ? ಶೇರ್ಡ್ ಬಫರ್ಸ್, ಎಫೆಕ್ಟಿವ್ ಕ್ಯಾಶ್ ಸೈಜ್, ಟೆಂಪ್ ಬಫರ್ಸ್, ವಾಲ್ ಬಫರ್ಸ್ (ವಾಲ್ ಅಂದರೆ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಇವೆಲ್ಲ 8 ಕೆಬಿ ಬ್ಲಾಕ್ ಲೆಕ್ಕ. ವರ್ಕ್ ಮೆಮ್, ಮೇಂಟೆನೆನ್ಸ್ ವರ್ಕ್ ಮೆಮ್ ಕೆಬಿಯಲ್ಲಿ. ಮ್ಯಾಕ್ಸ್ ವಾಲ್ ಸೈಜ್ ಎಂಬಿಯಲ್ಲಿ. ಟ್ರ್ಯಾಕ್ ಆಕ್ಟಿವಿಟಿ ಕ್ವೆರಿ ಸೈಜ್ ಬೈಟ್‌ನಲ್ಲಿ. ಸಮಯಕ್ಕೆ ಬಂದರೆ ಇನ್ನೂ ಚೆಂದ. ಸ್ಟೇಟ್‌ಮೆಂಟ್ ಟೈಮ್‌ಔಟ್, ಡೆಡ್‌ಲಾಕ್ ಟೈಮ್‌ಔಟ್ ಮಿಲಿಸೆಕೆಂಡ್. ಚೆಕ್‌ಪಾಯಿಂಟ್ ಟೈಮ್‌ಔಟ್ ಸೆಕೆಂಡ್. ಲಾಗ್ ರೊಟೇಶನ್ ಏಜ್ ನಿಮಿಷ. ಕಮಿಟ್ ಡಿಲೇ ಮೈಕ್ರೋಸೆಕೆಂಡ್. ಮೂರರ ಹೆಸರೂ ಟೈಮ್‌ಔಟ್ ಅಂತಲೇ ಮುಗಿದರೂ ಎರಡು ಒಂದು ದಾರಿ, ಒಂದು ಬೇರೆ ದಾರಿ. (ಸೆಟ್ಟಿಂಗ್ ಫೈಲಿನಲ್ಲಿ ಈ ಹೆಸರುಗಳನ್ನು ಇಂಗ್ಲಿಷ್‌ನಲ್ಲೇ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು ಅಂತ ನಿಮಗೆ ಹೇಳಬೇಕಿಲ್ಲ. ಇಲ್ಲಿ ಓದಲು ಸುಲಭ ಆಗಲಿ ಅಂತ ಬಿಡಿಸಿ ಬರೆದಿದ್ದೇನೆ.)

ಇದನ್ನು ಬಾಯಿಪಾಠ ಮಾಡಬೇಡಿ. ನಾನೂ ಮಾಡಿಲ್ಲ, ಅದರ ಅಗತ್ಯವೂ ಇಲ್ಲ.

ಹೀಗೇಕೆ ಆಯಿತು ಅಂದರೆ, ಈ ಅಳತೆಗಳು ಕೋಡ್ ಒಳಗಿನಿಂದ ಹೊರಗೆ ಬಂದವು. ಬಫರ್ ನೋಡಿಕೊಳ್ಳುವ ಕೋಡ್ ಒಳಗೆ ಬ್ಲಾಕ್ ಎಣಿಸುತ್ತದೆ, ಹಾಗಾಗಿ ಸೆಟ್ಟಿಂಗ್ ಕೂಡ ಬ್ಲಾಕ್ ಎಣಿಕೆಯೇ ಆಯಿತು. ಟೈಮರ್ ಕೋಡ್‌ಗೆ ಮಿಲಿಸೆಕೆಂಡ್ ಬೇಕಿತ್ತು, ಅದು ಹಾಗೇ ಉಳಿಯಿತು. ಬರೆಯುವವರಿಗೆ ಅನುಕೂಲವಾಗಿದ್ದು ಬಳಸುವವರಿಗೆ ಒಗಟಾಯಿತು. 2006ರ ಡಿಸೆಂಬರ್‌ನಲ್ಲಿ 8.2 ಆವೃತ್ತಿ ಬರುವವರೆಗೆ ಅಂಕಿಯ ಮುಂದೆ ಅಳತೆ ಬರೆಯಲು ದಾರಿಯೇ ಇರಲಿಲ್ಲ, ಎಲ್ಲರೂ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದರು. ಆಮೇಲೆ ಕೆಬಿ, ಎಂಬಿ, ಜಿಬಿ ಬಂದವು. 9.4ರಲ್ಲಿ ಟಿಬಿ ಸೇರಿತು, 11ರಲ್ಲಿ ಬೈಟ್, 12ರಲ್ಲಿ ಮೈಕ್ರೋಸೆಕೆಂಡ್. ಆದರೆ ಬರೀ ಅಂಕಿಯ ಹಳೆಯ ಅರ್ಥವನ್ನು ತೆಗೆಯಲಿಲ್ಲ. ತೆಗೆದಿದ್ದರೆ ಹಳೆಯ ಫೈಲುಗಳೆಲ್ಲ ಕೆಟ್ಟು ಕೂರುತ್ತಿದ್ದವು. ನೀವು ಬಿದ್ದ ಗುಂಡಿ ಅಂದಿನಿಂದ ತೆರೆದೇ ಇದೆ.

ಹಳೆಯ ಬರಹಗಳನ್ನು ಓದುವಾಗಲೂ ಇದು ನೆನಪಿರಲಿ. ‘ಚೆಕ್‌ಪಾಯಿಂಟ್ ಸೆಗ್ಮೆಂಟ್ಸ್ 32 ಇಡಿ’ ಅಂತ ಎಲ್ಲೋ ಓದಿರುತ್ತೀರಿ. ಅದು 16 ಎಂಬಿಯ ಸೆಗ್ಮೆಂಟುಗಳ ಎಣಿಕೆ. 2016ರ ಜನವರಿಯಲ್ಲಿ ಬಂದ 9.5ರಲ್ಲಿ ಆ ಸೆಟ್ಟಿಂಗೇ ಹೋಗಿ ಅದರ ಜಾಗಕ್ಕೆ ಮ್ಯಾಕ್ಸ್ ವಾಲ್ ಸೈಜ್ ಬಂತು. ಹಳೆಯದನ್ನು ಹೊಸದಕ್ಕೆ ತರಲು ಮೂರರಿಂದ ಗುಣಿಸಿ, ಮತ್ತೆ 16 ಎಂಬಿಯಿಂದ ಗುಣಿಸಬೇಕು. 32 ಇದ್ದದ್ದು 1536 ಎಂಬಿ ಆಗುತ್ತದೆ.

ಈಗ ನಿಮ್ಮ ಸ್ಮಾಲ್ ಅಕ್ಷರದ ಎರರ್. ಪೋಸ್ಟ್‌ಗ್ರೆಸ್ ಇಲ್ಲಿ ಸ್ವಲ್ಪ ಮಡಿವಂತ. ಎಂಬಿ, ಜಿಬಿ, ಟಿಬಿಯಲ್ಲಿ ಎರಡೂ ಅಕ್ಷರ ಕ್ಯಾಪಿಟಲ್. ಕೆಬಿಯಲ್ಲಿ ಮಾತ್ರ ಕೆ ಸ್ಮಾಲ್, ಬಿ ಕ್ಯಾಪಿಟಲ್. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಿಲೋಗೆ ಸ್ಮಾಲ್ ಕೆ, ಕ್ಯಾಪಿಟಲ್ ಕೆ ಅಂದರೆ ಕೆಲ್ವಿನ್, ಅದು ತಾಪಮಾನ. ಹಾಗೆ ನೋಡಿದರೆ ಇವರು ಹೇಳುವುದು ಸರಿಯೇ. ಆದರೆ ಅದೇ ಪದ್ಧತಿಯಲ್ಲಿ ಕಿಲೋ ಅಂದರೆ 1000. ಪೋಸ್ಟ್‌ಗ್ರೆಸ್‌ನಲ್ಲಿ 1 ಕೆಬಿ ಅಂದರೆ 1024 ಬೈಟ್. 1024ರ ಲೆಕ್ಕಕ್ಕೆ ಅಂತಲೇ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳು 1998ರಿಂದ ಇವೆ. ಅವನ್ನು ಬರೆದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಅಕ್ಷರದಲ್ಲಿ ಅಷ್ಟು ಮಡಿ, ಲೆಕ್ಕದಲ್ಲಿ ಮಡಿ ಇಲ್ಲ ಅಂತ ನಾನು ಆಗಾಗ ಗೊಣಗುವುದುಂಟು.

ಸಮಯದ್ದೆಲ್ಲ ಸ್ಮಾಲ್ ಅಕ್ಷರ. ನಿಮಿಷಕ್ಕೆ ‘ಮಿನ್’ ಅಂತ ಮೂರು ಇಂಗ್ಲಿಷ್ ಅಕ್ಷರ ಬೇಕು, ಬರೀ ‘ಎಂ’ ನಡೆಯುವುದಿಲ್ಲ. ಗಂಟೆಗೆ ‘ಎಚ್’, ದಿನಕ್ಕೆ ‘ಡಿ’ ಸಾಕು. ತಪ್ಪು ಬರೆದರೆ ಎರರ್ ಜೊತೆಗೆ ಒಂದು ಹಿಂಟ್ ಬರುತ್ತದೆ, ಈ ಸೆಟ್ಟಿಂಗ್‌ಗೆ ಇಂತಿಂಥ ಅಳತೆ ನಡೆಯುತ್ತದೆ ಅಂತ. ಆ ಸಾಲು ಓದದೆ ಅಳತೆಯನ್ನೇ ಅಳಿಸಿ ಬರೀ ಅಂಕಿ ಬಿಡುವುದು ಎಲ್ಲರೂ ಮಾಡುವ ತಪ್ಪು. ನೀವು ಮಾಡಿದ್ದೂ ಅದೇ. ಎರರ್ ಹೋಯಿತು, 64 ಎಂಬಿ 64 ಕೆಬಿ ಆಯಿತು. ಇನ್ನೊಂದು ಸಣ್ಣ ವಿಷಯ. ಫೈಲಿನಲ್ಲಿ 64 ಎಂಬಿ ಅಂತ ಅಂಟಿಸಿ ಬರೆದರೆ ಕೋಟ್ಸ್ ಬೇಡ. ನಡುವೆ ಜಾಗ ಬಿಟ್ಟರೆ ಸಿಂಗಲ್ ಕೋಟ್ಸ್ ಬೇಕು. ಎಸ್‌ಕ್ಯೂಎಲ್‌ನಲ್ಲಿ ಸೆಟ್ ಅಂತ ಕೊಡುವಾಗ ಕೋಟ್ಸ್ ಬೇಕೇ ಬೇಕು.

ಪಾಯಿಂಟ್ ಹಾಕಿ ಬರೆಯುವುದು 12ರಿಂದ ನಡೆಯುತ್ತದೆ. ಪಹಣಿ ನೋಡಿ ಬೆಳೆದವರಿಗೆ ಇಲ್ಲಿ ಒಂದು ಕ್ಷಣ ತಡವರಿಸುತ್ತದೆ. ಪಹಣಿಯಲ್ಲಿ 2.20 ಅಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಪೋಸ್ಟ್‌ಗ್ರೆಸ್‌ನಲ್ಲಿ 1.5 ಜಿಬಿ ಅಂದರೆ ನಿಜಕ್ಕೂ ಒಂದೂವರೆ, 1536 ಎಂಬಿ. ಆದರೆ ಪೂರ್ತಿ ಭಾಗವಾಗದ ಅಂಕಿ ಬಂದರೆ ಒಂದು ಮೆಟ್ಟಿಲು ಕೆಳಗಿನ ಅಳತೆಗೆ ಸರಿಹೊಂದಿಸಿಕೊಳ್ಳುತ್ತದೆ. 30.1 ಜಿಬಿ ಬರೆದರೆ 30822 ಎಂಬಿ ಆಗುತ್ತದೆ. ಇದರಿಂದ ತೊಂದರೆ ಏನಿಲ್ಲ. ಸೆಟ್ಟಿಂಗ್ ತೋರಿಸುವ ಶೋ ಕಮಾಂಡ್‌ನಲ್ಲಿ ಕೇಳಿದಾಗ ನೀವು ಬರೆದ ಅಂಕಿ ಕಾಣದಿದ್ದರೆ ಗಾಬರಿಯಾಗಬೇಡಿ, ಅಷ್ಟೆ.

ಸ್ಟೇಟ್‌ಮೆಂಟ್ ಟೈಮ್‌ಔಟ್ 30 ಅಂದರೆ 30 ಮಿಲಿಸೆಕೆಂಡ್. ಅಷ್ಟರೊಳಗೆ ಮುಗಿಯದ ಕ್ವೆರಿಯನ್ನೆಲ್ಲ ಸರ್ವರ್ ಕತ್ತರಿಸಿ ಹಾಕಿತು. ಇಂಡೆಕ್ಸ್ ಇರುವ ಚಿಕ್ಕಪುಟ್ಟವು ಬದುಕಿಕೊಂಡವು, ರಿಪೋರ್ಟುಗಳು ಸತ್ತವು. ಅದಕ್ಕೇ ನಿಮಗೆ ಅರ್ಧಂಬರ್ಧ ಕೆಲಸ ಮಾಡಿದ ಹಾಗೆ ಕಂಡಿದ್ದು.

ಬೇಜಾರು ಮಾಡಿಕೊಳ್ಳಬೇಡಿ, ನನ್ನದು ಇದಕ್ಕಿಂತ ಜೋರು. ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬಂದ ಹೊಸತು. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನದ ಕ್ವೆರಿ ಹಿಡಿಯುವ ಲಾಂಗ್ ಕ್ವೆರಿ ಟೈಮ್ ಸೆಕೆಂಡ್ ಲೆಕ್ಕದಲ್ಲಿ ಇರುತ್ತದೆ. ಅದೇ ಗುಂಗಿನಲ್ಲಿ ಪೋಸ್ಟ್‌ಗ್ರೆಸ್‌ನ ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್‌ಗೆ 5 ಹಾಕಿ ಶುಕ್ರವಾರ ಸಂಜೆ ಮನೆಗೆ ಹೋದೆ. 5 ಸೆಕೆಂಡ್ ದಾಟಿದ್ದು ಲಾಗ್ ಆಗಲಿ ಅಂತ ನನ್ನ ಆಸೆ. ಅದು 5 ಮಿಲಿಸೆಕೆಂಡ್ ದಾಟಿದ್ದನ್ನೆಲ್ಲ ಬರೆಯಲು ಕೂತಿತು. ಲಾಗೂ ಡೇಟಾವೂ ಒಂದೇ ಡಿಸ್ಕಿನಲ್ಲಿದ್ದವು. ಭಾನುವಾರ ಬೆಳಿಗ್ಗೆ ಡಿಸ್ಕ್ ತುಂಬಿತು, ವಾಲ್ ಬರೆಯಲು ಜಾಗ ಇಲ್ಲದೆ ಸರ್ವರ್ ಪ್ಯಾನಿಕ್ ಅಂತ ಹೇಳಿ ಮಲಗಿತು. ಇಡ್ಲಿ ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದಿದ್ದು ಇನ್ನೂ ನೆನಪಿದೆ. ‘ಎಸ್’ ಅನ್ನುವ ಒಂದೇ ಒಂದು ಅಕ್ಷರ ಬಿಟ್ಟಿದ್ದಕ್ಕೆ.

ಇಲ್ಲೇ 0 ಮತ್ತು ಮೈನಸ್ 1ರ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಇವಕ್ಕೆ ಅಳತೆಯೇ ಇಲ್ಲ. ಸ್ಟೇಟ್‌ಮೆಂಟ್ ಟೈಮ್‌ಔಟ್‌ನಲ್ಲಿ 0 ಅಂದರೆ ಮಿತಿಯೇ ಬೇಡ. ಲಾಗ್ ಮಿನ್ ಡ್ಯುರೇಶನ್‌ನಲ್ಲಿ 0 ಅಂದರೆ ಒಂದನ್ನೂ ಬಿಡದೆ ಎಲ್ಲ ಬರಿ, ಬೇಡ ಅನ್ನಲು ಮೈನಸ್ 1. ವಾಲ್ ಬಫರ್ಸ್‌ನಲ್ಲಿ ಮೈನಸ್ 1 ಅಂದರೆ ನೀನೇ ಲೆಕ್ಕ ಹಾಕಿಕೋ. ಆಗ ಅದು ಶೇರ್ಡ್ ಬಫರ್ಸ್‌ನ 32ನೇ ಒಂದು ಭಾಗ ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ 16 ಎಂಬಿ ಮೀರುವುದಿಲ್ಲ. ‘0 ಹಾಕಿದರೆ ಆಫ್ ಆಗುತ್ತೆ ಬಿಡು’ ಅನ್ನುವ ಧೈರ್ಯ ಮಾತ್ರ ಬೇಡ.

ಬಾಯಿಪಾಠ ಬೇಡ ಅಂದೆನಲ್ಲ, ಅದಕ್ಕೆ ಕಾರಣ ಪಿಜಿ ಸೆಟ್ಟಿಂಗ್ಸ್ ಎಂಬ ವ್ಯೂ. ಅದರಲ್ಲಿ ನೇಮ್, ಸೆಟ್ಟಿಂಗ್, ಯೂನಿಟ್, ಮಿನ್ ವ್ಯಾಲ್, ಮ್ಯಾಕ್ಸ್ ವ್ಯಾಲ್ ಅನ್ನುವ ಕಾಲಂಗಳನ್ನು ಸೆಲೆಕ್ಟ್ ಮಾಡಿ ನೋಡಿ. ಮಾಮೂಲಿ ಸರ್ವರ್‌ನಲ್ಲಿ ಶೇರ್ಡ್ ಬಫರ್ಸ್ ಸಾಲಿನಲ್ಲಿ ಸೆಟ್ಟಿಂಗ್ 16384, ಯೂನಿಟ್ 8 ಕೆಬಿ ಅಂತ ಇರುತ್ತದೆ. ಗುಣಿಸಿದರೆ 128 ಎಂಬಿ. ಯೂನಿಟ್ ಕಾಲಂನಲ್ಲಿ ಬರೀ ಕೆಬಿ ಅನ್ನದೆ ‘8 ಕೆಬಿ’ ಅಂತ ಅಂಕಿಯನ್ನೂ ಸೇರಿಸಿ ಬರೆದಿರುವುದನ್ನು ಗಮನಿಸಿ. ಆ 8ನ್ನು ಬಿಟ್ಟು ಓದಿ 16384 ಕೆಬಿ, ಅಂದರೆ 16 ಎಂಬಿ, ಅಂತ ರಿಪೋರ್ಟ್ ಬರೆದವರನ್ನು ನಾನು ನೋಡಿದ್ದೇನೆ. ಇದೇ ಸಂಗತಿಯನ್ನು ಶೋ ಎಂಬ ಕಮಾಂಡ್‌ನಲ್ಲಿ ಕೇಳಿದರೆ ಲೆಕ್ಕ ಹಾಕಿಯೇ ಹೇಳುತ್ತದೆ. ನೀವು 4096 ಬರೆದು ರೀಸ್ಟಾರ್ಟ್ ಮಾಡಿದ ಮೇಲೆ ಶೋ ಶೇರ್ಡ್ ಬಫರ್ಸ್ ಅಂತ ಒಂದು ಸಲ ಕೇಳಿದ್ದರೆ ಅಂದೇ ‘32 ಎಂಬಿ’ ಅಂದುಬಿಡುತ್ತಿತ್ತು. ಬದಲಾಯಿಸಿದ ಪ್ರತಿ ಸಲ ಶೋ ಹಾಕಿ ನೋಡುವುದು ಹತ್ತು ಸೆಕೆಂಡಿನ ಕೆಲಸ.

ಇದಕ್ಕಿಂತ ಕೆಟ್ಟ ಬಲೆ ಇನ್ನೊಂದಿದೆ. ಫೈಲಿನಲ್ಲಿ ಅಳತೆ ತಪ್ಪು ಬರೆದು ರೀಲೋಡ್ ಮಾಡಿದರೆ, ಅಂದರೆ ಓಡುತ್ತಿರುವಾಗಲೇ ಫೈಲನ್ನು ಮತ್ತೆ ಓದಿಸಿದರೆ, ಸರ್ವರ್ ನಿಲ್ಲುವುದಿಲ್ಲ. ಲಾಗ್‌ನಲ್ಲಿ ಎರಡು ಸಾಲು ಬರೆದು, ಆ ಸೆಟ್ಟಿಂಗ್‌ನ ಹಳೆಯ ಬೆಲೆಯನ್ನೇ ಇಟ್ಟುಕೊಂಡು ಓಡುತ್ತಲೇ ಇರುತ್ತದೆ. ಲಾಗ್ ಯಾರು ನೋಡುತ್ತಾರೆ? ಮೂರು ತಿಂಗಳಾದ ಮೇಲೆ ಕರೆಂಟ್ ಹೋಗಿಯೋ, ಓಎಸ್ ಅಪ್‌ಡೇಟ್ ಆಗಿಯೋ ಮಷಿನ್ ರೀಬೂಟ್ ಆಗುತ್ತದೆ. ಆಗ ಪೋಸ್ಟ್‌ಗ್ರೆಸ್ ಅದೇ ಸಾಲು ಓದಿ, ಫೈಲಿನಲ್ಲಿ ತಪ್ಪಿದೆ ಅಂತ ಮೇಲೇಳಲು ಒಪ್ಪುವುದಿಲ್ಲ. ಅಂದು ಡ್ಯೂಟಿಯಲ್ಲಿ ಇರುವವರಿಗೆ ಮೂರು ತಿಂಗಳ ಹಿಂದಿನ ಒಂದು ಸ್ಮಾಲ್ ಅಕ್ಷರ ನೆನಪಿರುತ್ತದಾ? ಅದಕ್ಕೆ ರೀಲೋಡ್ ಮಾಡುವ ಮೊದಲು ಪಿಜಿ ಫೈಲ್ ಸೆಟ್ಟಿಂಗ್ಸ್ ಎಂಬ ವ್ಯೂ ನೋಡಿ. ಫೈಲಿನಲ್ಲಿ ಈಗ ಇರುವುದನ್ನು ಓದಿ, ತಪ್ಪಿರುವ ಸಾಲಿನ ಪಕ್ಕ ಎರರ್ ತೋರಿಸುತ್ತದೆ. ಇಲ್ಲವೇ ಫೈಲ್ ಮುಟ್ಟದೆ ಆಲ್ಟರ್ ಸಿಸ್ಟಮ್ ಬಳಸಿ. ತಪ್ಪು ಅಳತೆಯನ್ನು ಅದು ಅಲ್ಲೇ ತಿರಸ್ಕರಿಸುತ್ತದೆ. ನನಗೆ ಇದೇ ಇಷ್ಟ. ಆದರೆ ಬರೀ 64ನ್ನು ಅದೂ ತಡೆಯುವುದಿಲ್ಲ ಅನ್ನುವುದು ನೆನಪಿರಲಿ.

ನೀವು ಜಾವಾದವರಾದ್ದರಿಂದ ಇನ್ನೊಂದು ಮಾತು. ಟೈಮ್‌ಔಟ್ ಸರ್ವರ್‌ನಲ್ಲಿ ಮಾತ್ರ ಇರುವುದಿಲ್ಲ. ಆಪ್‌ಗೆ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಳ್ಳುವ ಹಿಕಾರಿ ಪೂಲ್‌ನ ಕನೆಕ್ಷನ್ ಟೈಮ್‌ಔಟ್ ಮಿಲಿಸೆಕೆಂಡ್, ಮೊದಲಿಂದ 30000 ಇರುತ್ತದೆ. ಅದರ ಕೆಳಗೆ ಕೂತಿರುವ ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರ್‌ನ ಸಾಕೆಟ್ ಟೈಮ್‌ಔಟ್ ಸೆಕೆಂಡ್. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್‌ನಲ್ಲೂ ಸಾಕೆಟ್ ಟೈಮ್‌ಔಟ್ ಅಂತಲೇ ಹೆಸರು, ಅದು ಮಾತ್ರ ಮಿಲಿಸೆಕೆಂಡ್! ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಸಾಲು ಕಾಪಿ ಮಾಡಿ, 30000 ಅನ್ನು ಪೋಸ್ಟ್‌ಗ್ರೆಸ್ ಡ್ರೈವರ್‌ಗೆ ಕೊಟ್ಟರೆ ಎಂಟು ಗಂಟೆಗೂ ಜಾಸ್ತಿ ಕಾಯುತ್ತದೆ. ಟೈಮ್‌ಔಟ್ ಇದೆ ಅಂತ ನೀವು ನಂಬಿರುತ್ತೀರಿ, ಥ್ರೆಡ್ ಅಲ್ಲೇ ಕೂತಿರುತ್ತದೆ. ಈ ಡ್ರೈವರ್‌ಗಳಲ್ಲಿ ಅಂಕಿಯ ಮುಂದೆ ಅಳತೆ ಬರೆಯುವ ಅವಕಾಶವೂ ಇಲ್ಲ. ಪಕ್ಕದಲ್ಲಿ ಒಂದು ಕಾಮೆಂಟ್ ಹಾಕಿಡಿ.

ಬೇರೆ ಡೇಟಾಬೇಸ್‌ಗಳ ಕಥೆಯೂ ಬೇರೆ ಬೇರೆ. ಮೈಎಸ್‌ಕ್ಯೂಎಲ್‌ನ ಫೈಲಿನಲ್ಲಿ ಬಫರ್ ಪೂಲ್‌ಗೆ ಬರೀ ಅಂಕಿ ಕೊಟ್ಟರೆ ಬೈಟ್. ಕೆ, ಎಂ, ಜಿ ಅಂತ ಒಂದೇ ಅಕ್ಷರ ಹಾಕಬಹುದು, ಸ್ಮಾಲೋ ಕ್ಯಾಪಿಟಲ್ಲೋ ನಡೆಯುತ್ತದೆ. ಆದರೆ ಓಡುತ್ತಿರುವ ಸರ್ವರ್‌ಗೆ ಸೆಟ್ ಗ್ಲೋಬಲ್ ಕೊಡುವಾಗ ಆ ಅಕ್ಷರ ನಡೆಯುವುದಿಲ್ಲ, 1024ರ ಗುಣಾಕಾರ ಬರೆಯಬೇಕು. ರೆಡಿಸ್ ಅಂತೂ ಎರಡನ್ನೂ ಇಟ್ಟುಕೊಂಡಿದೆ. ಅದರ ಫೈಲಿನಲ್ಲಿ 1 ಕೆ ಅಂದರೆ 1000 ಬೈಟ್, 1 ಕೆಬಿ ಅಂದರೆ 1024 ಬೈಟ್. ಎಸ್‌ಕ್ಯೂಎಲ್ ಸರ್ವರ್ ಮಾತ್ರ ಜಾಣತನ ಮಾಡಿದೆ. ಮ್ಯಾಕ್ಸ್ ಸರ್ವರ್ ಮೆಮೊರಿ ಅನ್ನುವ ಹೆಸರಿನ ಕೊನೆಗೇ ಕಂಸದಲ್ಲಿ ಎಂಬಿ ಅಂತ ಸೇರಿಸಿಬಿಟ್ಟಿದೆ. ನೋಡಲು ಒರಟು, ಆದರೆ ಮೋಸ ಹೋಗುವ ಮಾತೇ ಇಲ್ಲ.

ಕನ್ನಡದಲ್ಲಿ ಡೇಟಾ ಇಡುವವರಿಗೆ ಬೈಟ್ ಲೆಕ್ಕ ಬೇರೆ ಕಾಟ ಕೊಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ‘ಕನ್ನಡ’ ಅಂತ ಬರೆದರೆ ಕಣ್ಣಿಗೆ ಮೂರಕ್ಷರ, ಒಳಗೆ ಅರ್ಧಾಕ್ಷರದ ಗುರುತೂ ಸೇರಿ ಐದು ಚಿಹ್ನೆ, ಒಟ್ಟು 15 ಬೈಟ್. ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ವ್ಯೂನಲ್ಲಿ ಓಡುತ್ತಿರುವ ಕ್ವೆರಿ ಕಾಣುವುದು ಟ್ರ್ಯಾಕ್ ಆಕ್ಟಿವಿಟಿ ಕ್ವೆರಿ ಸೈಜ್‌ನಷ್ಟು ಮಾತ್ರ, ಮೊದಲಿಂದ ಅದು 1024 ಬೈಟ್. ಕನ್ನಡದ ಪಠ್ಯ ತುಂಬಿದ ಇನ್ಸರ್ಟ್ ಆದರೆ 340 ಚಿಹ್ನೆಗೆಲ್ಲ ತುಂಡಾಗುತ್ತದೆ. ನಿಮಗೆ ಪೂರ್ತಿ ಬೇಕಿದ್ದರೆ ಅದನ್ನು 4 ಕೆಬಿ ಮಾಡಿ, ರೀಸ್ಟಾರ್ಟ್ ಬೇಕಾಗುತ್ತದೆ. ಆದರೆ ಟೇಬಲ್‌ನಲ್ಲಿ ವಾರ್‌ಚಾರ್ 50 ಅಂದಾಗ ಪೋಸ್ಟ್‌ಗ್ರೆಸ್ ಎಣಿಸುವುದು ಚಿಹ್ನೆಗಳನ್ನು, ಬೈಟ್‌ಗಳನ್ನಲ್ಲ. ಅಲ್ಲಿ ‘ಕನ್ನಡ’ಕ್ಕೆ ಐದು.

ಈಗ ನಿಮ್ಮ ಸರ್ವರ್‌ಗೆ ಬರೋಣ. ಶೇರ್ಡ್ ಬಫರ್ಸ್ 4 ಜಿಬಿ ಅಂತ ಬರೆಯಿರಿ. 16 ಜಿಬಿಯಲ್ಲಿ ಕಾಲು ಭಾಗ, ಶುರುವಿಗೆ ಸರಿಯಾದ ಅಂಕಿ. ಇದಕ್ಕೆ ರೀಸ್ಟಾರ್ಟ್ ಬೇಕು. ವರ್ಕ್ ಮೆಮ್‌ಗೆ ನೇರವಾಗಿ 64 ಎಂಬಿ ಕೊಡಬೇಡಿ. ಆ ಮೆಮೊರಿ ಇಡೀ ಸರ್ವರ್‌ಗೆ ಅಲ್ಲ, ಒಂದೊಂದು ಸಾರ್ಟ್‌ಗೂ ಅಷ್ಟಷ್ಟು. ಹ್ಯಾಶ್ ಆದರೆ 15ರಿಂದ ಈಚೆಗೆ ಅದರ ಎರಡರಷ್ಟು. ನೂರು ಕನೆಕ್ಷನ್‌ಗಳು ಒಂದೊಂದೇ ಸಾರ್ಟ್ ಮಾಡಿದರೂ 6 ಜಿಬಿ ದಾಟುತ್ತದೆ. 16 ಎಂಬಿಯಿಂದ ಶುರು ಮಾಡಿ. ಎಕ್ಸ್‌ಪ್ಲೇನ್‌ನಲ್ಲಿ ಡಿಸ್ಕ್ ಅನ್ನುವ ಪದ ಕಾಣುತ್ತಲೇ ಇದ್ದರೆ ರಿಪೋರ್ಟ್ ಓಡಿಸುವ ಯೂಸರ್‌ಗೆ ಮಾತ್ರ ಆಲ್ಟರ್ ರೋಲ್‌ನಿಂದ ಜಾಸ್ತಿ ಮಾಡಿ.

ಸ್ಟೇಟ್‌ಮೆಂಟ್ ಟೈಮ್‌ಔಟ್ ಸಾಲನ್ನು ಫೈಲಿನಿಂದ ತೆಗೆದೇಬಿಡಿ. ಅಲ್ಲಿದ್ದರೆ ಎಲ್ಲರ ತಲೆಯ ಮೇಲೂ ಬೀಳುತ್ತದೆ. ಬ್ಯಾಕಪ್ ತೆಗೆಯುವ ಪಿಜಿ ಡಂಪ್ ತನ್ನ ಮಟ್ಟಿಗೆ ಅದನ್ನು 0 ಮಾಡಿಕೊಳ್ಳುತ್ತದೆ, ನಿಮ್ಮ ರಿಪೋರ್ಟುಗಳಿಗೆ ಆ ಜಾಣತನ ಇಲ್ಲ. ವೆಬ್ ಆಪ್‌ನ ಯೂಸರ್‌ಗೆ ‘30 ಎಸ್’, ರಿಪೋರ್ಟ್ ಯೂಸರ್‌ಗೆ ‘10 ಮಿನ್’ ಅಂತ ಬೇರೆ ಬೇರೆ ಕೊಡಿ, ಕೋಟ್ಸ್ ಮರೆಯಬೇಡಿ. ಈ ಬದಲಾವಣೆ ಹೊಸ ಕನೆಕ್ಷನ್‌ಗಳಿಗೆ ಮಾತ್ರ ಸೇರುತ್ತದೆ. ಹಿಕಾರಿ ಪೂಲ್‌ನಲ್ಲಿ ಹಳೆಯ ಕನೆಕ್ಷನ್‌ಗಳು ಹಾಗೇ ಇರುತ್ತವೆ, ಆಪ್ ಒಂದು ಸಲ ರೀಸ್ಟಾರ್ಟ್ ಮಾಡಿ. ಆಮೇಲೆ ಆ ಯೂಸರ್ ಆಗಿಯೇ ಲಾಗಿನ್ ಆಗಿ ಶೋ ಹಾಕಿ ನೋಡಿ. 30 ಎಸ್ ಅಂತ ಬಂದರೆ ಮುಗಿಯಿತು. 30 ಎಂಎಸ್ ಅಂತ ಬಂದರೆ ಎಲ್ಲೋ ಮತ್ತೆ ಬರೀ ಅಂಕಿ ಉಳಿದಿದೆ.